ನವಿಲುಬಂಡೆಯ ಏಳು ಅಕ್ಕಂದಿರು

"ದೇವರೇ ಇಲ್ಲದ ಬೆಟ್ಟಕ್ಕೆ ಯಾವನಾದ್ರೂ ಹೋಗ್ತಾನೇನ್ರೀ? ತಲೆ ಕೆಟ್ಟಿದೆಯಾ ನಿಮಗೆ?"

"ತಲೆ ಕೆಟ್ಟಿರೋದು ನಿಂಗೆ! ಬೂಟು ಹಾಕ್ಕೊ ಅಂದ್ರೆ ಸುಮ್ನೆ ಹಾಕ್ಕೊ!"

"ಬೂಟು ಹಾಕ್ಕೊಂಡು ಬೆಟ್ಟ ಹತ್ತೋ ಜನ ಅಲ್ಲ ನಾವು. ನಮ್ಮಪ್ಪ ಹತ್ತಿಲ್ಲ, ನಮ್ಮಜ್ಜ ಹತ್ತಿಲ್ಲ."

"ನಿಮ್ಮಜ್ಜನ ಹತ್ರ ಬೂಟೇ ಇರ್ಲಿಲ್ಲ ಕಣೇ!"

"ನಮ್ಮಜ್ಜನ ಸುದ್ದಿಗೆ ಬಂದ್ರೆ ನೋಡಿ ಮತ್ತೆ!"

ಭಾನುವಾರ ಬೆಳಿಗ್ಗೆ ಮೈಸೂರಿನ ದಟ್ಟಗಳ್ಳಿಯ ಆ ಬೀದಿಯಲ್ಲಿ ಹಾಲಿನವನೂ ಸೈಕಲ್ ನಿಲ್ಲಿಸಿ ಕೇಳುವಷ್ಟು ಜೋರಾಗಿ ಈ ಮಾತುಕತೆ ನಡೆದಿತ್ತು. ಗಂಡ ಚೆಲುವರಾಜು, ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟವನು. ಸಿಟ್ಟು ಬಂದರೆ ಕಬ್ಬಿಣವನ್ನು ಬೆಂಕಿಯಿಲ್ಲದೆ ಬಗ್ಗಿಸುತ್ತಾನೆ ಎಂದು ಅಂಗಡಿಯ ಕೆಲಸಗಾರರು ಹೇಳುತ್ತಿದ್ದರು. ಹೆಂಡತಿ ಸರೋಜಮ್ಮ ಬಗ್ಗುವ ಕಬ್ಬಿಣವಲ್ಲ. ಕೊನೆಗೆ ಒಂದು ರಾಜಿಯಾಯಿತು. ಸರೋಜಮ್ಮ ಹೊಸ ಬೂಟುಗಳನ್ನು ಹಾಕಿಕೊಳ್ಳಲಿಲ್ಲ. ಹಣ್ಣುಕಾಯಿ ಹಿಡಿದ ಹಾಗೆ ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು.

ಪಕ್ಕದ ಮನೆಯ ಸದಾಶಿವಯ್ಯ ಗಿಡಕ್ಕೆ ನೀರು ಬಿಡುತ್ತಾ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಬೆಟ್ಟಕ್ಕಾ ಚೆಲುವರಾಜು? ಯಾವ ದೇವರಿಗೆ?"

"ದೇವರಿಗಲ್ಲ ಸಾರ್. ಪ್ರಕೃತಿಗೆ."

"ಅದ್ಯಾವೂರಲ್ಲಿದೆ? ನಾನು ಹೋಗೇ ಇಲ್ವಲ್ಲಪ್ಪ" ಎಂದರು ಸದಾಶಿವಯ್ಯ, ತಪ್ಪಿತಸ್ಥರ ಹಾಗೆ ಕೈಮುಗಿದು.

ಇಷ್ಟಕ್ಕೆಲ್ಲ ಕಾರಣ ಚೆಲುವರಾಜುವಿನ ಬಾಯಿ. ಮಗಳು ಗಗನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಅಲ್ಲೇ ಪಾಠ ಮಾಡುವ ಅಭಿಲಾಷನೂ ಅವಳೂ ಮದುವೆಯಾಗುವುದೆಂದು ನಿಶ್ಚಯಿಸಿಕೊಂಡಿದ್ದರು. ಚೆಲುವರಾಜು ಹಾರಾಡಿ, ಕೂಗಾಡಿ, ಹುಡುಗನನ್ನು ನೋಡಿದ ಮೇಲೆ ತಣ್ಣಗಾಗಿ ಒಪ್ಪಿದ್ದ. ಉಳಿದದ್ದು ಹುಡುಗನ ತಂದೆ ವಾಗೀಶರು. ಚಾಮರಾಜಪುರಂನಲ್ಲಿ ಮನೆ, ವಿಮಾ ಕಚೇರಿಯಿಂದ ನಿವೃತ್ತಿ, ಮೆತ್ತಗಿನ ಮಾತು. ಗೋಡೆಯ ತುಂಬ ಬೆಟ್ಟಗಳ ಫೋಟೋ. ಕಾಫಿ ಕೊಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ.

"ನೀವು ಟ್ರೆಕ್ಕಿಂಗ್ ಮಾಡ್ತೀರಾ?"

ಒಂದೇ ಬೀದಿಯ ಈ ತುದಿಯ ಮನೆಯಿಂದ ಆ ತುದಿಯ ಅಂಗಡಿಗೆ ಸ್ಕೂಟರಿನಲ್ಲಿ ಹೋಗುವ ಚೆಲುವರಾಜು ಮೀಸೆ ಸವರಿ ಹೇಳಿದ. "ವಾರ ವಾರ."

"ಯಾವ ಬೆಟ್ಟ?"

"ಎಲ್ಲಾ ಬೆಟ್ಟಾನೂ."

ವಾಗೀಶರಿಗೆ ಕಣ್ಣು ತುಂಬಿ ಬಂತು. "ಹಾಗಿದ್ರೆ ಮಾತುಕತೆ ಆಮೇಲೆ. ಕಾಡಿನಲ್ಲಿ ಒಂದು ದಿನ ಜೊತೆಗೆ ನಡೆದರೆ ಮನುಷ್ಯರು ಎಂಥವರು ಅಂತ ಗೊತ್ತಾಗಿಬಿಡುತ್ತೆ. ಹೋದ ವರ್ಷ ಒಂದು ಸಂಬಂಧ ಬಂದಿತ್ತು. ಹುಡುಗಿಯ ತಂದೆ ಕಾಡಿನ ದಾರೀಲಿ ಶಿಳ್ಳೆ ಹೊಡೆದರು. ನಾನು ಅಲ್ಲಿಂದಲೇ ವಾಪಸ್ ಬಂದೆ."

ಅಂದರೆ ಗಗನಳ ಮದುವೆ ಒಂದು ಶಿಳ್ಳೆಯಷ್ಟು ದೂರದಲ್ಲಿತ್ತು. ಅವಳು ಅಪ್ಪನ ಎರಡೂ ಕೈ ಹಿಡಿದು ಹೇಳಿದ್ದಳು. "ಅಪ್ಪಾ, ಒಂದೇ ಒಂದು ದಿನ. ಕೂಗಾಡಬೇಡ. ಜಗಳ ಆಡಬೇಡ. ಯಾರಿಗೂ ಹೇಳಬೇಡ."

ಯಾರಿಗೂ ಹೇಳದೆ ಇರುವುದು ಚೆಲುವರಾಜುವಿಗೆ ಸಾಧ್ಯವೇ? ಅಕ್ಕ ಸಾಕಮ್ಮ ಶುಕ್ರವಾರ ಫೋನು ಮಾಡಿದಾಗ ಗತ್ತಿನಿಂದಲೇ ಹೇಳಿದ. "ಭಾನುವಾರ ಸಿಕ್ಕಲ್ಲ ಕಣಕ್ಕ. ಬೀಗರಾಗೋರ ಜೊತೆ ನವಿಲುಬಂಡೆ ಬೆಟ್ಟಕ್ಕೆ ಹೋಗ್ತಾ ಇದೀವಿ. ಬರೀ ಮನೆಯವರು."

ಆ ಕಡೆ ಫೋನು ಸದ್ದಿಲ್ಲದೆ ಕಟ್ಟಾಯಿತು. ಅಕ್ಕ ಸದ್ದಿಲ್ಲದೆ ಫೋನಿಟ್ಟದ್ದು ಅದೇ ಮೊದಲು. ಅದನ್ನು ಕಂಡಾದರೂ ಅವನು ಎಚ್ಚರವಾಗಬೇಕಿತ್ತು. ಆಗಲಿಲ್ಲ.

*

ನವಿಲುಬಂಡೆಯ ಬಾಗಿಲಲ್ಲಿ ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ಮರದ ಗೇಟು, ಪಕ್ಕದಲ್ಲಿ ಒಂದು ಚೌಕಿ, ಚೌಕಿಯಲ್ಲಿ ಖಾಕಿ ಟೋಪಿಯ ಕಾವಲುಗಾರ ಸಿದ್ದು. ವಾಗೀಶರು ಮೊಣಕಾಲಿನವರೆಗಿನ ಚಡ್ಡಿ, ಎರಡು ಕೈಗೆ ಎರಡು ಕೋಲು, ಕೊರಳಿಗೆ ದುರ್ಬೀನು ಹಾಕಿಕೊಂಡು ನಿಂತಿದ್ದರು. ಅಭಿಲಾಷ ಪಕ್ಕದಲ್ಲಿದ್ದ. ವಾಗೀಶರ ಹೆಂಡತಿ ಗಿರಿಜಾಂಬಾ ಕಾರಿನಲ್ಲೇ ಕೂತು ವಾರಪತ್ರಿಕೆ ಓದುತ್ತಿದ್ದರು.

"ಇವಳಿಗೆ ಮೊಣಕಾಲು ನೋವು. ಯಾವತ್ತೂ ಹತ್ತೋಲ್ಲ" ಎಂದರು ವಾಗೀಶರು. ಆಮೇಲೆ ಗಂಟಲು ಸರಿಪಡಿಸಿಕೊಂಡು ನಿಯಮಗಳನ್ನು ಹೇಳಿದರು. ಸದ್ದು ಮಾಡಬಾರದು. ಕಸ ಹಾಕಬಾರದು, ಕಂಡರೆ ತೆಗೆಯಬೇಕು. ಗುಂಪು ಕಟ್ಟಬಾರದು. ಭಾರ ಹೊರಬಾರದು. ಗುರುತು ಬಿಟ್ಟು ಆ ಕಡೆ ಈ ಕಡೆ ಹೋಗಬಾರದು.

ಗುರುತು ಎಂದರೇನೆಂದು ಸಿದ್ದು ತೋರಿಸಿದ. ಗೇಟಿನ ಒಳಗೆ, ದಾರಿಯ ಬದಿಯಲ್ಲಿ, ಮೊಣಕಾಲೆತ್ತರದ ಒಂದು ಕಲ್ಲು. ಕಲ್ಲಿಗೆ ಹಳದಿ ಬಣ್ಣ, ನಡುವೆ ಮೇಲ್ಮುಖದ ಕೆಂಪು ಬಾಣ. "ಮೇಲಿನ ನೋಟದ ಜಾಗದವರೆಗೂ ಹಿಂಗೇ ಕಲ್ಲುಗಳವೆ ಸಾರ್. ಬಾಣ ನೋಡ್ಕೊಂಡು ಹೋಗೋದು, ಬಾಣ ನೋಡ್ಕೊಂಡು ಬರೋದು."

ಚೆಲುವರಾಜು ಹಲ್ಲು ಕಚ್ಚಿ ಸದ್ದಿಲ್ಲದೆ ತಲೆಯಾಡಿಸಿದ. ಗಗನ ಅಪ್ಪನತ್ತ ನೋಡಿ ನಕ್ಕಳು. ಆಗಲೇ ದಾರಿಯ ತಿರುವಿನಲ್ಲಿ ಜಾಗಟೆಯ ಸದ್ದು ಕೇಳಿಸಿದ್ದು.

ಒಂದು ಟೆಂಪೊ ಬಂದು ನಿಂತಿತು. ಅದರಿಂದ ಮೊದಲು ಕೊಪ್ಪರಿಗೆ ಇಳಿಯಿತು. ಆಮೇಲೆ ಸೌಟು, ಸೌದೆ, ಅಕ್ಕಿ ಮೂಟೆ, ಬಾಳೆ ಎಲೆ. ಆಮೇಲೆ ಅತ್ತಿಗೆಯರು, ನಾದಿನಿಯರು, ಚೆಲುವರಾಜುವಿಗೇ ಸರಿಯಾಗಿ ಗುರುತು ಸಿಗದ ಷಡ್ಡಕನ ಕಡೆಯವರು. ಆಮೇಲೆ, ಕೊಂಬಿಗೆ ಸೇವಂತಿಗೆ ಸುತ್ತಿಸಿಕೊಂಡ ಒಂದು ದಪ್ಪ ಟಗರು. ಅದರ ಹಗ್ಗ ಹಿಡಿದು ಬಾವ ಪುಟ್ಟಮಾದಯ್ಯ. ಕೊನೆಗೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಸಾಕಮ್ಮ.

"ಯಾರಿವರು?" ವಾಗೀಶರು ಪಿಸುಗುಟ್ಟಿದರು.

"ಗೊತ್ತಿಲ್ಲ ಸಾರ್" ಎಂದ ಚೆಲುವರಾಜು. "ಯಾರೋ ಹಳ್ಳಿಯವರು."

"ಲೋ ಚೆಲುವಾ!" ಎಂದಿತು ಬೆಟ್ಟಕ್ಕೆ ಬೆಟ್ಟವೇ. ಸಾಕಮ್ಮನ ಗಂಟಲು ಹಾಗಿತ್ತು. "ಬೀಗರನ್ನ ಕರ್ಕೊಂಡು ಕದ್ದು ಪರ ಮಾಡ್ತೀಯೇನ್ಲಾ? ಬರೀ ಮನೆಯವ್ರು ಅಂದ್ಯಲ್ಲ, ನಾನ್ಯಾರ್ಲಾ? ನಿಂಗೆ ಸೀತ ಆದಾಗ ಮೂಗು ಒರೆಸ್ದೋಳು ಯಾರ್ಲಾ?"

ಅವಳ ಲೆಕ್ಕ ತಪ್ಪಿರಲಿಲ್ಲ. ಅವರ ಕಡೆ ಬೀಗರ ಜೊತೆ ಬೆಟ್ಟಕ್ಕೆ ಹೋಗುವುದೆಂದರೆ ದೇವರ ಮುಂದೆ ಒಲೆ ಹೂಡಿ, ಬಂಧುಬಳಗಕ್ಕೆಲ್ಲ ಊಟ ಹಾಕಿ ಪರ ಮಾಡುವುದು. ಬೆಟ್ಟವನ್ನು ಸುಮ್ಮನೆ ಹತ್ತಿ ಸುಮ್ಮನೆ ಇಳಿಯುವ ಪದ್ಧತಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕನನ್ನು ಬಿಟ್ಟು ಪರ ಮಾಡುವುದೋ, ಅದು ಕೊಲೆಗಿಂತ ಸ್ವಲ್ಪ ಕಡಿಮೆ.

"ಗೊತ್ತಿಲ್ಲ ಅಂದ್ರಲ್ಲ?" ಎಂದರು ವಾಗೀಶರು.

"ಈಗ ಜ್ಞಾಪಕಕ್ಕೆ ಬಂತು ಸಾರ್. ನಮ್ಮಕ್ಕ."

ಸಿದ್ದು ಓಡಿ ಬಂದ. "ಟಗರು ಒಳಕ್ಕೆ ಬಿಡಂಗಿಲ್ಲ! ಕೊಪ್ಪರಿಗೆ ಬಿಡಂಗಿಲ್ಲ! ಇಲ್ಲಿ ಕುಯ್ಯಂಗಿಲ್ಲ, ಬೇಯಿಸಂಗಿಲ್ಲ!"

"ಆಯ್ತು ಕಣಪ್ಪ, ಗೇಟಿಂದ ಆಚೆನೇ ಒಲೆ ಹೂಡ್ತೀವಿ. ಟಗರು ನಮ್ ಯಜಮಾನ್ರ ಹತ್ರ ಇರ್ಲಿ. ದೇವ್ರೆಲ್ಲಿ?"

"ಇಲ್ಲಿ ದೇವರಿಲ್ಲಮ್ಮ."

ಗಾಳಿ ನಿಂತಿತು. ಟಗರು ಮೆಲುಕು ನಿಲ್ಲಿಸಿತು. ಸಾಕಮ್ಮ ತಮ್ಮನ ಕಡೆ ನಿಧಾನವಾಗಿ ತಿರುಗಿದಳು. ಈಗ ಇವಳಿಗೆ ನಿಜ ಹೇಳಿದರೆ ಇಲ್ಲೇ ತಿಥಿ ಮಾಡುತ್ತಾಳೆ ಎಂದು ಚೆಲುವರಾಜುವಿಗೆ ಗೊತ್ತಿತ್ತು. ಆದರೆ ಅವನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ಹಳದಿ ಕಲ್ಲಿನ ಮೇಲೆ ಬಿತ್ತು.

"ಅಯ್ಯೋ ನಮ್ಮವ್ವಾ! ಇಲ್ಲೇ ಇದೀಯಲ್ಲೇ!"

"ಅಮ್ಮಾ, ಅದು ದಾರಿ ಗುರುತು" ಎಂದ ಸಿದ್ದು.

"ಅರಿಸಿನ ಬಳ್ದಿರೋರು ಯಾರು?"

"ನಾನೇ. ಅದು ಪೇಂಟು."

"ನಡುವೆ ತ್ರಿಸೂಲ ಬರ್ದೋರು?"

"ಅದೂ ನಾನೇ."

"ನಿಂಗೆ ಬರಿ ಅಂತ ಯೋಳ್ದೋರ್ಯಾರು?"

"ಸಾಹೇಬ್ರು."

"ಅವ್ರಿಗ್ಯಾರು ಯೋಳುದ್ರು?"

ಸಿದ್ದು ತಲೆ ಕೆರೆದುಕೊಂಡ. "ಮೇಲಿಂದ ಬಂತು."

"ನೋಡಿದ್ರಾ!" ಎಂದಳು ಸಾಕಮ್ಮ ಬಳಗದ ಕಡೆ ತಿರುಗಿ. "ಮೇಲಿಂದ ಬಂದದೆ!"

ಚೆಲುವರಾಜುವಿಗೆ ಆಗ ಒಂದು ಉಪಾಯ ಹೊಳೆಯಿತು. ಅವನಿಗೆ ಹೊಳೆಯುವ ಉಪಾಯಗಳನ್ನು ಕಂಡರೆ ಸರೋಜಮ್ಮ ಗೋಡೆಗೆ ಹಣೆ ಚಚ್ಚಿಕೊಳ್ಳುವುದು ವಾಡಿಕೆ. ಅಕ್ಕ ಈ ಕಲ್ಲಿನ ಮುಂದೆ ಕೂತು ಪೂಜೆ ಮಾಡುತ್ತಿದ್ದರೆ ತಾನು ಬೀಗರ ಜೊತೆ ಸದ್ದಿಲ್ಲದೆ ಮೇಲೆ ಹೋಗಿ ಬರಬಹುದಲ್ಲ!

"ಹೌದಕ್ಕ" ಎಂದ, ಭಕ್ತಿಯಿಂದ. "ಭಾರಿ ಶಕ್ತಿ ದೇವರು. ನೀನು ಇಲ್ಲೇ ಕೂತು ನಿಧಾನಕ್ಕೆ ಪೂಜೆ ಮಾಡು. ಕರ್ಪೂರ ಮಾತ್ರ ಹಚ್ಚಬೇಡ, ಕಾಡು."

"ಅಪ್ಪಾ!" ಎಂದಳು ಗಗನ.

"ಸುಮ್ನಿರು" ಎಂದ ಚೆಲುವರಾಜು.

*

ಉಪಾಯ ಒಂದು ತಿರುವಿನವರೆಗೆ ಚೆನ್ನಾಗಿ ನಡೆಯಿತು. ಅತ್ತೆಯನ್ನು ನೋಡಿಕೊಳ್ಳಲು ಗಗನ ಅಭಿಲಾಷನೊಡನೆ ಕೆಳಗೇ ಉಳಿದಳು. ವಾಗೀಶರು ಕೋಲೂರುತ್ತಾ ಮುಂದೆ, ಹೊಸ ಬೂಟು ಕಚ್ಚಿ ಕುಂಟುತ್ತಾ ಚೆಲುವರಾಜು ಹಿಂದೆ. ಒಂದು ಹಕ್ಕಿ ಕೂಗಿತು. ವಾಗೀಶರು ಬೆರಳೆತ್ತಿ ನಿಂತರು. ಚೆಲುವರಾಜುವೂ ಬೆರಳೆತ್ತಿದ. ಅಷ್ಟರಲ್ಲಿ ಹಿಂದಿನಿಂದ ಜಾಗಟೆ.

ಷಡ್ಡಕನ ಕಡೆಯ ಒಬ್ಬ ಹೆಂಗಸು ಕಾಲಾಡಿಸಲೆಂದು ನಾಲ್ಕು ಹೆಜ್ಜೆ ಮೇಲೆ ಬಂದು, ಎರಡನೇ ಹಳದಿ ಕಲ್ಲನ್ನು ಕಂಡು, ಕಿರುಚಿಕೊಂಡು ಕೆಳಗೆ ಓಡಿದ್ದಳು. "ಇನ್ನೊಬ್ಬಳವ್ಳೆ ಕಣವ್ವೋ!"

"ಇನ್ನೊಬ್ಬಳಾ?" ಸಾಕಮ್ಮ ಎದೆ ಮುಟ್ಟಿಕೊಂಡು ಸಿದ್ದುವನ್ನು ಕೇಳಿದ್ದಳು. "ಇಂಗೆ ಒಟ್ಟು ಎಷ್ಟು ಕಲ್ಲವೆ?"

ಸಿದ್ದು ಪ್ರಾಮಾಣಿಕ ಸರ್ಕಾರಿ ನೌಕರ. "ಏಳು" ಎಂದಿದ್ದ.

ಏಳು! ಇನ್ನು ಹೇಳುವುದೇನಿದೆ. ಏಳು ಜನ ಅಕ್ಕತಂಗಿಯರ ದೇವರು ಯಾವ ಊರಿನ ಕೆರೆ ಏರಿಯ ಮೇಲಿಲ್ಲ? ಒಬ್ಬಳಿಗೆ ಹೂವಿಟ್ಟು ಇನ್ನೊಬ್ಬಳನ್ನು ಬಿಟ್ಟರೆ ಆ ಮನೆ ಉಳಿಯುವುದುಂಟೆ? ಅಕ್ಕನನ್ನು ಬಿಟ್ಟು ಪರ ಮಾಡಿದರೆ ಏನಾಗುತ್ತದೆಂದು ಸಾಕಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರು? ಇಡೀ ಬಳಗ ಚಪ್ಪಲಿ ಬಿಟ್ಟು ಎದ್ದು ನಿಂತಿತು.

ಅವರು ಬಂದ ವೇಗಕ್ಕೆ ವಾಗೀಶರು ಪೊದೆಗೆ ಒರಗಿ ದಾರಿ ಬಿಡಬೇಕಾಯಿತು. ಮುಂದೆ ಜಾಗಟೆ, ಅದರ ಹಿಂದೆ ಸಾಕಮ್ಮ, ಅವಳ ಪಕ್ಕದಲ್ಲಿ ಬರಿಗಾಲಿನಲ್ಲಿ, ಬೂಟಿನ ಬುಟ್ಟಿಯಲ್ಲಿ ಈಗ ಹೂವು ತುಂಬಿಕೊಂಡು, ಚೆಲುವರಾಜುವಿನ ಹೆಂಡತಿ.

"ದೇವರಿಲ್ಲ ಅಂದ್ರಲ್ರೀ!" ಎಂದು ಸರೋಜಮ್ಮ ಹಾದುಹೋಗುತ್ತಾ ಗಂಡನ ಮೇಲೆ ಹಾಯ್ದಳು. "ಏಳು ಜನ ಇದಾರೆ! ಏಳು ಜನ!"

ಅವಳ ಹಿಂದೆ ಬಂದ ಬರಿಗಾಲನ್ನು ನೋಡಿ ವಾಗೀಶರ ದುರ್ಬೀನು ಜಾರಿತು.

"ಗಿರಿಜಾ! ನಿನ್ನ ಮೊಣಕಾಲು?"

"ಅಕ್ಕಂದಿರು ನೋಡ್ಕೋತಾರೆ ಬಿಡಿ" ಎಂದು ಗಿರಿಜಾಂಬಾ ನಿಲ್ಲದೆ ಹೋದರು. ಮೈಸೂರಿನಿಂದ ಬಂದಿದ್ದ ಕಾಲೇಜು ಹುಡುಗರ ಗುಂಪೊಂದು ಏನು ಎತ್ತ ಎಂದು ಕೇಳದೆ ಬೂಟು ಬಿಚ್ಚಿ ಸೇರಿಕೊಂಡಿತು, ಪರೀಕ್ಷೆ ಹತ್ತಿರವಿತ್ತು. ಎಲ್ಲರ ಹಿಂದೆ ಸಿದ್ದು, ಕೈಯಲ್ಲಿ ಒದ್ದೆ ಬಟ್ಟೆ.

"ಕುಂಕುಮ ಒರೆಸ್ಬೇಕು ಸಾರ್, ನಮ್ ಡ್ಯೂಟಿ" ಎಂದ ಅವನು, ಅಳು ಬರುವ ಹಾಗೆ. "ಹೆಂಗೆ ಒರೆಸ್ಲಿ? ಹೆಣ್ ದೇವ್ರು."

ವಾಗೀಶರ ಮುಖ ಹಳದಿ ಕಲ್ಲಿನ ನಡುವಿನ ಬಾಣದ ಬಣ್ಣಕ್ಕೆ ತಿರುಗಿತ್ತು. ಎರಡನೇ ಕಲ್ಲಿನ ಪಕ್ಕದ ಬಂಡೆಯ ಮೇಲೆ ಕೂತರು. ಚೆಲುವರಾಜುವೂ ಕೂತು ಬೂಟು ಬಿಚ್ಚಿದ.

"ಹೋಗೋಣ್ವಾ ಸಾರ್ ಮೇಲಕ್ಕೆ?"

"ನೀವು ಹೋಗಿ. ವಾರ ವಾರ ಹತ್ತೋರು."

"ನೀವು ಬನ್ನಿ. ನಿಮಗೆ ದಾರಿ ಗೊತ್ತು."

ಯಾರೂ ಏಳಲಿಲ್ಲ. ಸಿದ್ದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ ಹೇಳಿದ. "ಚಾಮರಾಜಪುರಂ ಸಾಹೇಬ್ರು ಇದರಿಂದ ಮೇಲಕ್ಕೆ ಹೋಗಲ್ಲ ಸಾರ್. ಇದು ಅವರ ಕಲ್ಲು. ಇಲ್ಲಿ ಕೂತು ಕಡ್ಲೆಕಾಯಿ ತಿಂದು ಇಳೀತಾರೆ. ಮೇಲಿನ ಫೋಟೋ ಬೇಕಾದ್ರೆ ನಾನೇ ತೆಗೆದು ಕಳಿಸ್ತೀನಿ."

ಕಾಡಿನಲ್ಲಿ ವಾಗೀಶರು ಬಯಸುತ್ತಿದ್ದಂಥ ನಿಶ್ಶಬ್ದ ಆಗ ಆವರಿಸಿತು.

ಬೇರೆ ಯಾರಾದರೂ ಆಗಿದ್ದರೆ ಕೆಮ್ಮಿ ಮಾತು ತೇಲಿಸುತ್ತಿದ್ದರು. ಚೆಲುವರಾಜುವಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಅವನು ಹೊಟ್ಟೆ ಹಿಡಿದು ನಕ್ಕ. ಬಂಡೆಯಿಂದ ಜಾರಿ ನೆಲಕ್ಕೆ ಕೂತು ನಕ್ಕ. "ಅಯ್ಯೋ ಸಾರ್! ನಾನು ಅಂಗಡಿಗೂ ಸ್ಕೂಟರಲ್ಲಿ ಹೋಗ್ತೀನಿ ಕಣ್ರೀ!"

ವಾಗೀಶರು ನಗಲಿಲ್ಲ. ಎದ್ದು, ಎರಡು ಕೋಲೂರಿ, ಕೆಳಗೆ ಇಳಿಯತೊಡಗಿದರು. ಚೆಲುವರಾಜು ಬೂಟು ಕೈಯಲ್ಲಿ ಹಿಡಿದು ಹಿಂದೆ ಓಡಿದ. ಶಿಳ್ಳೆ ಹೊಡೆದವನ ಮಗಳ ಸಂಬಂಧವೇ ಮುರಿದಿತ್ತು. ನಕ್ಕವನ ಮಗಳ ಗತಿಯೇನು?

*

ಮೇಲೆ ಹೋದವರು ಬಿಸಿಲೇರುವ ಹೊತ್ತಿಗೆ ಹಾಡು ಹೇಳುತ್ತಾ ಇಳಿದು ಬಂದರು. ಮೇಲಿನಿಂದ ಚಾಮುಂಡಿ ಬೆಟ್ಟ ಕಾಣುತ್ತದೆಂದು ಒಬ್ಬಳು, ತನ್ನ ಮನೆಯ ಮೇಲಿನ ನೀರಿನ ಟ್ಯಾಂಕೇ ಕಂಡಿತೆಂದು ಸರೋಜಮ್ಮ. ಗಿರಿಜಾಂಬಾ ಸಾಕಮ್ಮನ ತೋಳು ಹಿಡಿದಿದ್ದರು. "ಏನು ಗಾಳಿ ರೀ ಮೇಲೆ! ನೀವು ಫೋಟೋದಲ್ಲಿ ತೋರಿಸಿದ್ದಕ್ಕಿಂತ ಚೆನ್ನಾಗಿದೆ" ಎಂದರು ಗಂಡನಿಗೆ. ವಾಗೀಶರು ಕಾರಿನ ಬಾಗಿಲು ತೆರೆದು ಕೂತರು.

ಅಷ್ಟರಲ್ಲಿ ಜೀಪು ಬಂತು. ಅರಣ್ಯಾಧಿಕಾರಿ ಕುಮಾರ್ ಇಳಿದು, ಹೂವು ಕುಂಕುಮ ಹೊತ್ತ ಕಲ್ಲು ನೋಡಿ ಗುಡುಗಿದರು. "ಯಾರು ಮಾಡಿದ್ದಿದು? ಸಿದ್ದು! ಒರೆಸೋ!"

"ನೀವೇ ಒರೆಸಿ ಸಾರ್" ಎಂದು ಸಿದ್ದು ಒದ್ದೆ ಬಟ್ಟೆ ಮುಂದೆ ಹಿಡಿದ.

ಕುಮಾರ್ ಬಟ್ಟೆ ತೆಗೆದುಕೊಂಡು ಕಲ್ಲಿನ ಮುಂದೆ ಬಗ್ಗಿದರು. ಇಡೀ ಬಳಗ ಅವರ ಕೈಯನ್ನೇ ನೋಡುತ್ತಿತ್ತು. ಕೈ ಗಾಳಿಯಲ್ಲಿ ನಿಂತಿತು. ಹಿಂದೆ ಬಂತು. "ನಾಳೆ ಒರೆಸೋಣ" ಎಂದರು. "ಇವತ್ತು ಭಾನುವಾರ." ಸ್ವಲ್ಪ ಹೊತ್ತಿನಲ್ಲಿ ಅವರ ಮುಂದೆಯೂ ಬಾಳೆ ಎಲೆ ಬಿತ್ತು. ಪುಟ್ಟಮಾದಯ್ಯ ಗೇಟಿನಾಚೆ ಬೇಯಿಸಿಟ್ಟಿದ್ದ ಅನ್ನ, ಹುಳಿ, ಪಾಯಸ. ಟಗರು ಇನ್ನೂ ಟಗರಾಗಿಯೇ ಇತ್ತು; ಷಡ್ಡಕನ ಕಡೆಯವರು ಅದನ್ನೂ ಹುಳಿಯನ್ನೂ ಒಂದಾದ ಮೇಲೊಂದು ನೋಡುತ್ತಾ ಉಂಡರು.

ಊಟವಾದ ಮೇಲೆ ಸಾಕಮ್ಮ ಕಾರಿನ ಬಳಿ ಬಂದಳು. "ಸಂಬಂಧದ ಮಾತು ಏನ್ ಮಾಡುದ್ರಿ ಬೀಗ್ರೇ?"

"ಯೋಚನೆ ಮಾಡಿ ತಿಳಿಸ್ತೀನಿ" ಎಂದರು ವಾಗೀಶರು, ಮುಖ ಎತ್ತದೆ. ಆ ದನಿ ವಿಮಾ ಕಚೇರಿಯದು. ಆ ದನಿಯಲ್ಲಿ ತಿಳಿಸುತ್ತೇನೆ ಎಂದವರು ಯಾವತ್ತೂ ತಿಳಿಸಿಲ್ಲ. ಗಗನಳ ಮುಖ ಬಾಡಿತು. ಅಭಿಲಾಷ ಅಪ್ಪನ ಮುಂದೆ ನಿಂತ. "ಅಪ್ಪಾ, ನಾನು ಮದುವೆಯಾಗೋದು ಗಗನಾನ್ನ, ಬೆಟ್ಟಾನ್ನಲ್ಲ."

"ನೀವ್ಯಾರೂ ತಲೆ ಕೆಡಿಸ್ಕೋಬ್ಯಾಡಿ" ಎಂದಳು ಸಾಕಮ್ಮ. "ಅಕ್ಕಂದಿರನ್ನೇ ಕೇಳುವಾ."

ಕೇಳುವ ಕ್ರಮ ಅವರ ಮನೆತನದ್ದು. ಟಗರಿನ ತಲೆಗೆ ತೀರ್ಥ ಹಾಕುವುದು. ಅದು ಮೈ ಕೊಡವಿ ತಲೆ ಒದರಿದರೆ ದೇವರು ಒಪ್ಪಿದ ಹಾಗೆ. ಹೊಲ ಕೊಂಡಿದ್ದು, ಬೋರು ತೋಡಿಸಿದ್ದು, ಚೆಲುವರಾಜು ಮೈಸೂರಿಗೆ ಬಂದದ್ದು, ಎಲ್ಲಕ್ಕೂ ಯಾವುದೋ ಒಂದು ಟಗರು ಒದರಿದ್ದೇ ಕಾರಣ.

ಪುಟ್ಟಮಾದಯ್ಯ ಟಗರನ್ನು ತಂದು ಕಾರಿನ ಮುಂದೆ ನಿಲ್ಲಿಸಿದರು. ಸಾಕಮ್ಮ ಕೊಡದಿಂದ ಬೊಗಸೆ ನೀರು ತೆಗೆದು ಅದರ ತಲೆಗೆ ಚಿಮುಕಿಸಿದಳು. ಟಗರು ಒದರಲಿಲ್ಲ. ಇನ್ನೊಂದು ಬೊಗಸೆ. ಟಗರು ಮೂತಿ ನೆಕ್ಕಿಕೊಂಡಿತು. ಜಾಗಟೆ ಬಡಿದರು. ಕೈಮುಗಿದರು. ಕುಮಾರ್ ಪಾಯಸದ ಕೈಯಲ್ಲೇ ಎದ್ದು ನಿಂತು "ಬೆನ್ನಿಗೆ ಹಾಕಿ ನೋಡಿ" ಎಂದು ಸಲಹೆ ಕೊಟ್ಟರು. ಸಿದ್ದು ಕಣ್ಣು ಮುಚ್ಚಿ ಏನೋ ಹರಸಿಕೊಂಡ. ವಾಗೀಶರೂ ತಮಗೇ ಗೊತ್ತಿಲ್ಲದೆ ಕಾರಿನಿಂದಿಳಿದು ಟಗರಿನ ಹಿಂದೆ ಬಗ್ಗಿ ನೋಡುತ್ತಿದ್ದರು. ಟಗರು ಎಲ್ಲರನ್ನೂ ಒಂದು ಸುತ್ತು ನೋಡಿ ಮೆಲುಕು ಹಾಕಿತು.

ಬೆಳಗಿನಿಂದ ಹಲ್ಲು ಕಚ್ಚಿಕೊಂಡಿದ್ದ ಚೆಲುವರಾಜುವಿನ ಸಹನೆ ಅಲ್ಲಿಗೆ ಮುಗಿಯಿತು.

"ಒದರ್ತೀಯೋ ಇಲ್ವೋ! ನನ್ ಮಗಳ ಮದುವೆ ಕಣೋ!" ಎಂದು ಅಬ್ಬರಿಸಿ, ಅಕ್ಕನ ಕೈಯಿಂದ ಕೊಡವನ್ನೇ ಕಿತ್ತುಕೊಂಡು ಎತ್ತಿ ಹುಯ್ದ.

ಟಗರು ಜಾಣ ಪ್ರಾಣಿ. ತಲೆ ಬಗ್ಗಿಸಿತು. ಬೆಟ್ಟದ ತೊರೆಯಿಂದ ತಂದ ಆ ಕೊಡ ತುಂಬ ತಣ್ಣೀರು ಅದರ ಮೇಲಿಂದ ಹಾರಿ ನೇರವಾಗಿ ವಾಗೀಶರ ಬೋಳು ತಲೆಯ ಮೇಲೆ ಬಿತ್ತು. ವಾಗೀಶರು ಹಾ ಎಂದರು. ಅವರ ಮೈ ನಡುಗಿತು. ಭುಜ ಕೊಡವಿತು. ಆಮೇಲೆ ತಲೆ, ಎಡಕ್ಕೆ ಬಲಕ್ಕೆ ಎಡಕ್ಕೆ ಬಲಕ್ಕೆ, ಹನಿ ಹಾರುವ ಹಾಗೆ ಒದರಿತು.

"ಒದರುದ್ರು!" ಎಂದು ಸಾಕಮ್ಮ ಕಿರುಚಿದಳು. "ಬೀಗ್ರು ಒದರುದ್ರು ಕಣ್ರಪ್ಪೋ!"

ಜಾಗಟೆ ಮೊಳಗಿತು. ಕಾಲೇಜು ಹುಡುಗರು ಶಿಳ್ಳೆ ಹೊಡೆದರು. ಸರೋಜಮ್ಮ ಗಿರಿಜಾಂಬಾರನ್ನು ತಬ್ಬಿಕೊಂಡಳು. "ನಾನು ಒದರಲಿಲ್ಲ, ಚಳಿ, ಚಳಿ!" ಎಂದು ವಾಗೀಶರು ಹೇಳುತ್ತಲೇ ಇದ್ದರು.

"ಸುಮ್ಮನಿರಿ" ಎಂದರು ಗಿರಿಜಾಂಬಾ. "ಎರಡನೇ ಕಲ್ಲಿನ ವಿಷಯ ನನಗೆ ಮೊದಲಿನಿಂದಲೂ ಗೊತ್ತು."

ವಾಗೀಶರು ಹೆಂಡತಿಯನ್ನು ನೋಡಿದರು. ಮಗನನ್ನು ನೋಡಿದರು. ಕೊಡ ಹಿಡಿದು, ಬಾಯಿ ತೆರೆದು, ಬರಿಗಾಲಲ್ಲಿ ನಿಂತಿದ್ದ ಚೆಲುವರಾಜುವನ್ನು ನೋಡಿದರು. ಅವರ ಬಾಯಿಯ ಒಂದು ತುದಿ ಅದುರಿತು. ಆಮೇಲೆ ಇನ್ನೊಂದು ತುದಿ. ಕೊನೆಗೆ ಕಾರಿಗೆ ಒರಗಿಕೊಂಡು, ಕಾಡಿನ ನಿಯಮಗಳನ್ನೆಲ್ಲ ಮರೆತು, ಗಹಗಹಿಸಿ ನಕ್ಕರು. "ಸ್ಕೂಟರಲ್ಲಿ ಹೋಗ್ತೀರಾ? ಅಂಗಡಿಗಾ?"

"ತಿರುಗಿ ಬರೋದೂ ಸ್ಕೂಟರಲ್ಲೇ ಬೀಗ್ರೇ!" ಎಂದ ಚೆಲುವರಾಜು.

ಈ ಗಲಾಟೆಯಲ್ಲಿ ದೇವರಿಗೆ ಕೈಮುಗಿಯಲೆಂದು ಪುಟ್ಟಮಾದಯ್ಯ ಹಗ್ಗ ಬಿಟ್ಟಿದ್ದರು. ಟಗರು ಗೇಟಿನ ಸಂದಿಯಲ್ಲಿ ಒಳಗೆ ಹೋಯಿತು. ಮೊದಲನೇ ಕಲ್ಲಿನ ಮುಂದೆ ನಿಂತು, ಅದರ ಮೇಲಿದ್ದ ಹೂವನ್ನೆಲ್ಲ ತಿಂದು ಜಾಗ ಚೊಕ್ಕಟ ಮಾಡಿತು. ಆಮೇಲೆ ಬಾಣ ತೋರಿಸಿದ ಕಡೆಗೇ, ಆ ಕಡೆ ಈ ಕಡೆ ತಿರುಗದೆ, ಭಾರ ಹೊರದೆ, ಗುಂಪು ಕಟ್ಟದೆ, ಒಂಟಿಯಾಗಿ, ಸದ್ದಿಲ್ಲದೆ ಮೇಲಕ್ಕೆ ನಡೆಯಿತು. ವಾಗೀಶರ ನಿಯಮಗಳನ್ನೆಲ್ಲ ಪಾಲಿಸಿ ಆ ದಿನ ನವಿಲುಬಂಡೆ ಹತ್ತಿದ್ದು ಅದೊಂದೇ.

ಕೊಪ್ಪರಿಗೆ ಇದ್ದ ಕಡೆಗೆ ಅದು ಮತ್ತೆ ಇಳಿದು ಬರಲಿಲ್ಲ.